ಐರನ್ ಮೇಡನ್‌ನ 2000ದ ನಂತರದ ಆಲ್ಬಮ್‌ಗಳನ್ನು ಕೇಳಬೇಕೇ, ಹಳೆಯವೇ ಸಾಕೇ?

ಪ್ರಶ್ನೆ: ನಾನು ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ಇಂಗ್ಲೆಂಡಿನ ಹೆವಿ ಮೆಟಲ್ ತಂಡ ಐರನ್ ಮೇಡನ್‌ನ ಹುಚ್ಚು ಹಿಡಿಸಿದವರು ನಮ್ಮ ಕಾಕಾ. ಆದರೆ 1988ರ ಆಚೆಗೆ ಈ ತಂಡ ಮಾಡಿದ್ದೆಲ್ಲ ಬರೀ ಎಳೆದಾಟ ಎಂದು ಅವರು ಹೇಳುತ್ತಾರೆ. ಹಾಸ್ಟೆಲಿನ ಸೀನಿಯರ್‌ಗಳು ಮೇಡನ್ ಪಕ್ವವಾದದ್ದೇ 2000ದ ಮೇಲೆ ಎಂದು ವಾದಿಸುತ್ತಾರೆ. ಯಾರ ಮಾತನ್ನು ನಂಬಲಿ?

ಉತ್ತರ: ಈ ಜಗಳ ಟಿಳಕವಾಡಿಯ ಚಹಾದಂಗಡಿಗಳಲ್ಲೂ ಕಾಲೇಜಿನ ಹಾಸ್ಟೆಲ್‌ಗಳಲ್ಲೂ ಹಳೆಯದೇ. ಕ್ಯಾಸೆಟ್ ಕಾಲದವರಿಗೆ ಮೇಡನ್ ಎಂದರೆ ಎಂಬತ್ತರ ದಶಕ. ಅವರ ನಂತರದವರ ಕಥೆ ಬೇರೆ. 2007ರ ಮಾರ್ಚ್ 17ರಂದು ಈ ತಂಡ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದಾಗ, ಅದಕ್ಕಾಗಿ ರಾತ್ರಿ ಬಸ್ಸು ಹಿಡಿದು ಹೋದ ನಮ್ಮ ಕಡೆಯ ಹುಡುಗರು ಮೊದಲು ಕಣ್ಣಾರೆ ಕಂಡದ್ದು ಮೂರು ಗಿಟಾರ್‌ಗಳ ಮೇಡನ್ ಅನ್ನು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ನಿಮ್ಮ ಕಾಕಾ ಹೇಳುವ ದೋಷ ಇರುವುದು ನಿಜ, ಆದರೆ ಅದಕ್ಕೆ ಕಾರಣ ತಂಡಕ್ಕೆ ವಯಸ್ಸಾದದ್ದಲ್ಲ. ಇಷ್ಟು ಸಾಕು, ಇಲ್ಲಿ ನಿಲ್ಲಿಸು ಎಂದು ಹೇಳುವವರು ಯಾರೂ ಇಲ್ಲದಿರುವುದೇ ಕಾರಣ.

ಗಾಯಕ ಬ್ರೂಸ್ ಡಿಕಿನ್ಸನ್ 1993ರಲ್ಲಿ ತಂಡವನ್ನು ಬಿಟ್ಟರು. ಬ್ಲೇಜ್ ಬೇಲಿಯವರೊಂದಿಗೆ 1995 ಮತ್ತು 1998ರಲ್ಲಿ ಬಂದ ಎರಡು ಆಲ್ಬಮ್‌ಗಳ ಬಗ್ಗೆ ಇಲ್ಲಿ ಚರ್ಚೆ ಬೇಡ. 1999ರಲ್ಲಿ ಡಿಕಿನ್ಸನ್ ಜೊತೆ ಗಿಟಾರ್ ವಾದಕ ಏಡ್ರಿಯನ್ ಸ್ಮಿತ್ ಕೂಡ ಮರಳಿದರು. ಸ್ಮಿತ್ ಅವರ ಜಾಗಕ್ಕೆ ಬಂದಿದ್ದ ಯಾನಿಕ್ ಗರ್ಸ್ ಅವರನ್ನು ಬಿಟ್ಟುಕೊಡದೆ ತಂಡವು ಮೂರು ಗಿಟಾರ್‌ಗಳನ್ನೂ ಇಟ್ಟುಕೊಂಡಿತು. ಆ ಮೇಲೆ ಬಂದ ಆಲ್ಬಮ್‌ಗಳು ಆರು: ಬ್ರೇವ್ ನ್ಯೂ ವರ್ಲ್ಡ್ (2000), ಡ್ಯಾನ್ಸ್ ಆಫ್ ಡೆತ್ (2003), ಎ ಮ್ಯಾಟರ್ ಆಫ್ ಲೈಫ್ ಅಂಡ್ ಡೆತ್ (2006), ದ ಫೈನಲ್ ಫ್ರಾಂಟಿಯರ್ (2010), ದ ಬುಕ್ ಆಫ್ ಸೋಲ್ಸ್ (2015), ಸೆಂಜುಟ್ಸು (2021). ಆರಕ್ಕೂ ನಿರ್ಮಾಪಕರು ಕೆವಿನ್ ಶರ್ಲಿ, ಅವರ ಜೊತೆಗೆ ಬಾಸ್ ವಾದಕರೂ ತಂಡದ ಯಜಮಾನರೂ ಆದ ಸ್ಟೀವ್ ಹ್ಯಾರಿಸ್.

ವಾದದ ಕೇಂದ್ರ ಇರುವುದು ಉದ್ದದಲ್ಲಿ. 1982ರ ದ ನಂಬರ್ ಆಫ್ ದ ಬೀಸ್ಟ್ ಇಡೀ ಆಲ್ಬಮ್ ಸುಮಾರು 40 ನಿಮಿಷದ್ದು. ಗ್ರಾಮಫೋನ್ ತಟ್ಟೆಯ ಒಂದೊಂದು ಮುಖಕ್ಕೆ ಇಪ್ಪತ್ತು ಚಿಲ್ಲರೆ ನಿಮಿಷಕ್ಕಿಂತ ಹೆಚ್ಚು ತುಂಬಿದರೆ ಧ್ವನಿ ಸೊರಗುತ್ತಿದ್ದುದರಿಂದ, ಯಾವ ಹಾಡು ಇರಬೇಕು ಯಾವುದು ಹೋಗಬೇಕು ಎಂಬುದನ್ನು ಅರ್ಧಕ್ಕರ್ಧ ಆ ತಟ್ಟೆಯೇ ತೀರ್ಮಾನಿಸುತ್ತಿತ್ತು. ಉದ್ದದ ಹಾಡುಗಳು ಆಗಲೂ ಇದ್ದವು. 1984ರ ಪವರ್‌ಸ್ಲೇವ್‌ನ ಕೊನೆಯ ಹಾಡು ಹದಿಮೂರು ನಿಮಿಷ ದಾಟುತ್ತದೆ, ಅದನ್ನು ಯಾವ ಹಳಬರೂ ಎಳೆದಾಟ ಎನ್ನುವುದಿಲ್ಲ. ಬದಲಾದದ್ದು ಪ್ರಮಾಣ. ಆಗ ಆಲ್ಬಮ್ಮಿಗೆ ಅಂಥದ್ದೊಂದು ಇದ್ದರೆ, ಸೆಂಜುಟ್ಸುವಿನ ಕೊನೆಯ ಮೂರು ಹಾಡುಗಳೂ ತಲಾ ಹತ್ತು ನಿಮಿಷಕ್ಕಿಂತ ಹೆಚ್ಚಿನವು, ಮೂರನ್ನೂ ಹ್ಯಾರಿಸ್ ಒಬ್ಬರೇ ಬರೆದಿದ್ದಾರೆ. ದ ಬುಕ್ ಆಫ್ ಸೋಲ್ಸ್ ಅಂತೂ 92 ನಿಮಿಷದ ಜೋಡಿ ಆಲ್ಬಮ್.

ಹ್ಯಾರಿಸ್ ಅವರ ಉದ್ದದ ಹಾಡಿಗೆ ಈಗ ಒಂದು ಅಚ್ಚು ಇದೆ. ಮೊದಲು ಬಾಸ್ ಅಥವಾ ಗಿಟಾರ್‌ನಲ್ಲಿ ಡಿಸ್ಟಾರ್ಷನ್ (ಧ್ವನಿಯನ್ನು ಒರಟಾಗಿಸುವ ಪರಿಣಾಮ) ಇಲ್ಲದ ಮೆಲುದನಿಯ ಒಂದು ರಾಗ. ಒಂದೆರಡು ನಿಮಿಷದ ನಂತರ ಡಿಕಿನ್ಸನ್ ಹೆಚ್ಚುಕಡಿಮೆ ಅದೇ ರಾಗವನ್ನು ತಗ್ಗಿದ ಸ್ವರದಲ್ಲಿ ಹಾಡುತ್ತಾರೆ. ಡ್ರಮ್ ಬಂದು ಬಿದ್ದೊಡನೆ ಅದೇ ರಾಗ ಗಿಟಾರ್‌ಗಳ ಭಾರದೊಂದಿಗೆ ಮರಳುತ್ತದೆ. ನಡುವೆ ಲಯ ಬದಲಾಗಿ ಗಿಟಾರ್‌ಗಳು ಸರದಿಯ ಮೇಲೆ ಸೋಲೋ ನುಡಿಸುತ್ತವೆ. ಕೊನೆಗೆ ಮೊದಲಿನ ಮೆಲುದನಿ. ಫಾರ್ ದ ಗ್ರೇಟರ್ ಗುಡ್ ಆಫ್ ಗಾಡ್ ಹಾಡಿನಲ್ಲಿ ಈ ಕ್ರಮ ಸಾರ್ಥಕವಾಗಿದೆ, ಏಕೆಂದರೆ ಧರ್ಮದ ಹೆಸರಿನ ಯುದ್ಧದ ಬಗ್ಗೆ ಅದು ಎತ್ತುವ ಪ್ರಶ್ನೆ ಪಲ್ಲವಿ ಬಂದಂತೆಲ್ಲ ಹೆಚ್ಚು ಹರಿತವಾಗುತ್ತದೆ. ದ ರೆಡ್ ಅಂಡ್ ದ ಬ್ಲ್ಯಾಕ್‌ನಲ್ಲಿ ಅದೇ ಕ್ರಮ ಸೊರಗಿದೆ. ಗಿಟಾರ್ ನುಡಿಸಿದ್ದನ್ನೇ ಗಾಯಕ ಪದ ತುರುಕಿ ಹಾಡಬೇಕಾಗಿ ಉಸಿರಿಗೂ ಜಾಗವಿಲ್ಲ, ಮೇಲಿಂದ ಪ್ರೇಕ್ಷಕರು ದನಿಗೂಡಿಸಲೆಂದು ಇಟ್ಟ ಓ ಓ ಎಂಬ ಆಲಾಪ ಮತ್ತೆ ಮತ್ತೆ ಬರುತ್ತದೆ. ಹದಿಮೂರೂವರೆ ನಿಮಿಷದ ಆ ಹಾಡಿನಿಂದ ನಾಲ್ಕು ನಿಮಿಷ ತೆಗೆದುಹಾಕಿದರೆ ಏನೂ ನಷ್ಟವಿಲ್ಲ ಎಂದೇ ನನ್ನ ಅಂದಾಜು. 1981ರಿಂದ 1992ರವರೆಗೆ ತಂಡದ ಆಲ್ಬಮ್‌ಗಳನ್ನು ರೂಪಿಸಿದ ನಿರ್ಮಾಪಕ ಮಾರ್ಟಿನ್ ಬರ್ಚ್ 1992ರಲ್ಲಿ ನಿವೃತ್ತರಾದರು. ಹಾಡು ಬರೆದವರೇ ನಿರ್ಮಾಪಕರ ಕುರ್ಚಿಯಲ್ಲೂ ಕುಳಿತ ಮೇಲೆ ಕತ್ತರಿ ಹಿಡಿಯುವ ಕೈ ಇನ್ಯಾರದು?

ಹಾಗೆಂದು ಆರನ್ನೂ ಒಂದೇ ಗಂಟಿನಲ್ಲಿ ಕಟ್ಟುವುದು ಅನ್ಯಾಯ. ಬ್ರೇವ್ ನ್ಯೂ ವರ್ಲ್ಡ್ ಬಗ್ಗೆ ಎರಡೂ ಕಡೆಯವರಿಗೆ ಹೆಚ್ಚು ತಕರಾರಿಲ್ಲ; ಹ್ಯಾರಿಸ್ ತಮ್ಮ ತಂದೆಯ ಮರಣದ ಹಿನ್ನೆಲೆಯಲ್ಲಿ ಬರೆದ ಬ್ಲಡ್ ಬ್ರದರ್ಸ್ ಒಂದೇ ಸಾಕು ಅದನ್ನು ಉಳಿಸಲು. ಡ್ಯಾನ್ಸ್ ಆಫ್ ಡೆತ್ ಏರುಪೇರಾದ ಆಲ್ಬಮ್. ಮೊದಲನೆಯ ಮಹಾಯುದ್ಧದ ಕಂದಕಗಳ ಬಗೆಗಿನ ಪಾಶೆಂಡೇಲ್ ಅದರ ಶಿಖರ. ಉಳಿದಂತೆ ಆ ಆಲ್ಬಮ್ ನೆನಪಿನಲ್ಲಿ ಉಳಿದಿರುವುದು ಅದರ ಮುಖಚಿತ್ರದಿಂದ. ಕರಡಿನಂತಿದ್ದ ಆ ಚಿತ್ರವನ್ನೇ ತಂಡ ಅಚ್ಚು ಹಾಕಿಸಿದಾಗ ಕಲಾವಿದರು ತಮ್ಮ ಹೆಸರು ತೆಗೆಯಲು ಹೇಳಿದರಂತೆ, ನೋಡಿದರೆ ಅವರ ಸಂಕಟ ಅರ್ಥವಾಗುತ್ತದೆ.

ನನ್ನ ಪಾಲಿಗೆ ಈ ಅವಧಿಯ ಅತ್ಯುತ್ತಮ ಕೃತಿ ಎ ಮ್ಯಾಟರ್ ಆಫ್ ಲೈಫ್ ಅಂಡ್ ಡೆತ್. 72 ನಿಮಿಷಗಳಷ್ಟು ಉದ್ದವಿದ್ದರೂ ಅದು ಚದುರುವುದಿಲ್ಲ, ಏಕೆಂದರೆ ಅಣುಬಾಂಬ್, ನಾರ್ಮಂಡಿಯ ಸೇನಾ ಇಳಿತ, ಧರ್ಮದ ಹೆಸರಿನ ಹಿಂಸೆ ಎಲ್ಲವೂ ಯುದ್ಧವೆಂಬ ಒಂದೇ ದಾರದಲ್ಲಿ ಪೋಣಿಸಿಕೊಂಡಿವೆ. ಧ್ವನಿಮುದ್ರಣವನ್ನು ಮಿಕ್ಸ್ ಮಾಡಿದ ಮೇಲೆ ಮಾಸ್ಟರಿಂಗ್ ಎಂಬ ಕೊನೆಯ ಹಂತದಲ್ಲಿ ಸಾಮಾನ್ಯವಾಗಿ ಧ್ವನಿಯನ್ನು ಹಿಗ್ಗಿಸಿ ಹೊಳಪು ಕೊಡುತ್ತಾರೆ. ಹ್ಯಾರಿಸ್ ಈ ಆಲ್ಬಮ್ಮಿಗೆ ಅದು ಬೇಡವೆಂದರು. ಅಗ್ಗದ ಇಯರ್‌ಫೋನ್‌ನಲ್ಲಿ ಇದು ಮಸುಕಾಗಿ ಕೇಳಿಸಬಹುದು, ಒಳ್ಳೆಯ ಸ್ಪೀಕರಿನಲ್ಲಿ ವಾಲ್ಯೂಮ್ ಏರಿಸಿದರೆ ತಂಡ ಎದುರಿಗೇ ನಿಂತು ನುಡಿಸಿದಂತೆ ಇರುತ್ತದೆ. 2006ರ ಪ್ರವಾಸದಲ್ಲಿ ಹೊಸ ಆಲ್ಬಮನ್ನು ಆದಿಯಿಂದ ಅಂತ್ಯದವರೆಗೆ ನುಡಿಸುವ ಧೈರ್ಯವನ್ನೂ ತಂಡ ತೋರಿತು. ಹಳೆಯ ಹಾಡುಗಳಿಗಾಗಿ ಟಿಕೆಟ್ ಕೊಂಡವರು ಗೊಣಗಿದ್ದು ಸಹಜ.

ದ ಫೈನಲ್ ಫ್ರಾಂಟಿಯರ್‌ನ ಎಲ್ ಡೊರಾಡೋ ಹಾಡಿಗೆ 2011ರಲ್ಲಿ ಗ್ರ್ಯಾಮಿ ಬಂತು. ಆದರೆ ಆ ಆಲ್ಬಮ್‌ನ ಬೆಲೆ ಇರುವುದು ಕೊನೆಯ ಹಾಡಾದ ವೆನ್ ದ ವೈಲ್ಡ್ ವಿಂಡ್ ಬ್ಲೋಸ್‌ನಲ್ಲಿ. ಅಣುಯುದ್ಧದ ಭಯದಲ್ಲಿ ನೆಲಮಾಳಿಗೆ ಸೇರಿದ ಗಂಡ ಹೆಂಡತಿ ಭೂಕಂಪವನ್ನು ಬಾಂಬೆಂದು ತಿಳಿದು ವಿಷ ಕುಡಿಯುತ್ತಾರೆ. ಅವರು ಒಬ್ಬರನ್ನೊಬ್ಬರು ತಬ್ಬಿಕೊಂಡು ಸತ್ತದ್ದನ್ನು ಡಿಕಿನ್ಸನ್ ಯಾವ ಅಬ್ಬರವೂ ಇಲ್ಲದೆ ವರದಿ ಓದಿದಂತೆ ಹಾಡುತ್ತಾರೆ.

ಇನ್ನು ಕಂಠದ ವಿಷಯ. ಡಿಕಿನ್ಸನ್ ಹುಟ್ಟಿದ್ದು 1958ರಲ್ಲಿ. ನಾಲಿಗೆಯ ಬುಡದಲ್ಲಿ ಕ್ಯಾನ್ಸರ್ ಇರುವುದು ದ ಬುಕ್ ಆಫ್ ಸೋಲ್ಸ್‌ಗೆ ಹಾಡಿ ಮುಗಿಸಿದ ಮೇಲೆ ಪತ್ತೆಯಾಗಿ, 2015ರಲ್ಲಿ ಅವರು ಗುಣಮುಖರಾದರು. ಸ್ವರ ಕುಗ್ಗಿದೆ ಎಂದು ಹಳಬರು ಹೇಳುತ್ತಾರೆ. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರು ಕ್ಷಯರೋಗದಿಂದ ಹಲವು ವರ್ಷ ಮೌನವಾಗಿದ್ದು ಮತ್ತೆ ಹಾಡತೊಡಗಿದಾಗ, ದೀರ್ಘ ತಾನುಗಳ ಬದಲು ಉಸಿರಿಗೆ ಹೊಂದುವ ಪುಟ್ಟ ಪುಟ್ಟ ಸ್ವರಪುಂಜಗಳಲ್ಲಿ ಹೊಸ ಗಾಯನಶೈಲಿಯನ್ನೇ ಕಟ್ಟಿದರು, ಅದನ್ನು ಒಪ್ಪದ ರಸಿಕರೂ ಇದ್ದರು. ಡಿಕಿನ್ಸನ್ ಹಾಗೆ ಶೈಲಿಯನ್ನು ಬದಲಿಸಿದವರಲ್ಲ, 2015ರ ಆಲ್ಬಮ್ಮಿನಲ್ಲೂ ಯೌವನದ ಎತ್ತರಗಳಿಗೇ ಕೈ ಚಾಚುತ್ತಾರೆ. ಆಯಾಸ ಕೇಳಿಸುವುದು ಅಲ್ಲೇ. ಸೆಂಜುಟ್ಸುವಿನ ಡಾರ್ಕೆಸ್ಟ್ ಅವರ್‌ನಲ್ಲಿ ಅವರು ಕೆಳಗಿನ ಸ್ವರಗಳಲ್ಲೇ ಬಹಳ ಹೊತ್ತು ನಿಲ್ಲುತ್ತಾರೆ. 1982ರ ಆ ಹರಯದ ಕಂಠದಿಂದ ಅಂಥ ತೂಕ ಬರುತ್ತಿರಲಿಲ್ಲ.

ತಂಡದ ಐವತ್ತನೆಯ ವರ್ಷದ ನೆಪದಲ್ಲಿ 2025ರಲ್ಲಿ ಹೊರಟ ಪ್ರವಾಸಕ್ಕೆ 1980ರಿಂದ 1992ರವರೆಗಿನ ಒಂಬತ್ತು ಆಲ್ಬಮ್‌ಗಳ ಹಾಡುಗಳನ್ನಷ್ಟೇ ಆರಿಸಿದ್ದು, ಹಳೆಯ ಪಕ್ಷದವರ ಕೈಗೆ ಒಳ್ಳೆಯ ಅಸ್ತ್ರವಾಗಿದೆ. ಆದರೆ ಅದರ ಹಿಂದಿನ 2023ರ ಪ್ರವಾಸದಲ್ಲಿ ಇದೇ ತಂಡ ಸೆಂಜುಟ್ಸುವಿನ ಹಾಡುಗಳನ್ನು 1986ರ ಆಲ್ಬಮ್ಮಿನ ಹಾಡುಗಳ ಪಕ್ಕದಲ್ಲಿಟ್ಟು ನುಡಿಸಿತ್ತು. ವೇದಿಕೆಯ ಪಟ್ಟಿಯನ್ನು ಸಾಕ್ಷಿಗೆ ಕರೆದರೆ ಅದು ಎರಡೂ ಕಡೆ ಸಾಕ್ಷಿ ಹೇಳುತ್ತದೆ.

ನೀವು 2000 ಮತ್ತು 2006ರ ಆಲ್ಬಮ್‌ಗಳನ್ನು ಪೂರ್ತಿಯಾಗಿ, ಹಾಡುಗಳ ಕ್ರಮ ಬದಲಿಸದೆ ಕೇಳಿ. 2003 ಮತ್ತು 2010ರವುಗಳಿಂದ ಮೇಲೆ ಹೇಳಿದ ಹಾಡುಗಳನ್ನು ಆರಿಸಿಕೊಂಡರೆ ಸದ್ಯಕ್ಕೆ ಸಾಕು. ಸೆಂಜುಟ್ಸುವನ್ನು ಎರಡನೆಯ ಡಿಸ್ಕಿನಿಂದ ಶುರುಮಾಡಿ, ಮೊದಲನೆಯದಕ್ಕೆ ಆಮೇಲೆ ಬನ್ನಿ. ದ ಬುಕ್ ಆಫ್ ಸೋಲ್ಸ್‌ನ 92 ನಿಮಿಷಗಳನ್ನು ಒಂದೇ ಗುಟುಕಿನಲ್ಲಿ ಮುಗಿಸಲು ಹೋಗಬೇಡಿ. ಅದರ ಕೊನೆಯ ಎಂಪೈರ್ ಆಫ್ ದ ಕ್ಲೌಡ್ಸ್ 18 ನಿಮಿಷದ್ದು. ಸ್ವತಃ ವಿಮಾನ ಚಾಲಕರಾದ ಡಿಕಿನ್ಸನ್, 1930ರಲ್ಲಿ ಫ್ರಾನ್ಸಿನಲ್ಲಿ ಬಿದ್ದು 48 ಜನರನ್ನು ಬಲಿ ತೆಗೆದುಕೊಂಡ ಆರ್101 ಎಂಬ ವಾಯುನೌಕೆಯ ಕಥೆಯನ್ನು ಪಿಯಾನೊ ಮುಂದೆ ಕುಳಿತು ರಚಿಸಿದ ಹಾಡು ಅದು. ಹ್ಯಾರಿಸ್ ಅವರ ಅಚ್ಚಿಗೆ ಸಿಗದ ಅದನ್ನು ಬೇರೆ ದಿನಕ್ಕೆ ಎತ್ತಿಟ್ಟುಕೊಂಡು, ಆ ದಿನ ಅದೊಂದನ್ನೇ ಕೇಳಿ.