ವಿಕಟಕವಿಗೆ ಎಷ್ಟು ಚೌಕ? ಜಾವಾಸ್ಕ್ರಿಪ್ಟ್‌ನಲ್ಲಿ ನಮ್ಮದೇ ಅರೇ ಕ್ಲಾಸ್ ಕಟ್ಟುವ ಬಗ್ಗೆ

ಪದಬಂಧ ತುಂಬಿದವರಿಗೆಲ್ಲ ಗೊತ್ತು, ಒಂದು ಚೌಕಕ್ಕೆ ಒಂದು ಅಕ್ಷರ. 'ಕರ್ನಾಟಕ' ಅಂದರೆ 4 ಚೌಕ: ಕ, ರ್ನಾ, ಟ, ಕ. ಇದನ್ನು ಮಕ್ಕಳಿಗೂ ಹೇಳಿಕೊಡಬೇಕಿಲ್ಲ. ಜಾವಾಸ್ಕ್ರಿಪ್ಟ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಗೆ ಮಾತ್ರ ಹೇಳಿಕೊಡಬೇಕು. ಅದರ ಹತ್ತಿರ ಈ ಪದದ ಲೆಂಗ್ತ್, ಅಂದರೆ ಉದ್ದ, ಕೇಳಿದರೆ 7 ಅನ್ನುತ್ತದೆ. ಒತ್ತಕ್ಷರದ ಹಿಂದಿರುವ ವಿರಾಮ ಚಿಹ್ನೆ (ವ್ಯಂಜನದ ಸ್ವರ ತೆಗೆಯುವ ಗುರುತು, ಪೂರ್ಣವಿರಾಮದಂಥದ್ದಲ್ಲ), 'ನಾ'ದ ದೀರ್ಘ, ಎಲ್ಲವನ್ನೂ ಅದು ಬೇರೆ ಬೇರೆಯಾಗಿ ಎಣಿಸುತ್ತದೆ. 'ಸ್ತ್ರೀ' ನಮಗೆ ಒಂದೇ ಅಕ್ಷರ, ಅದಕ್ಕೆ 6.

ಅಕ್ಕನ ಮಗಳಿಗಾಗಿ ಮೊಬೈಲ್‌ನಲ್ಲಿ ಆಡುವಂಥ ಒಂದು ಪುಟ್ಟ ಪದಬಂಧ ಬರೆಯಲು ಕೂತಾಗ ಈ ಸಮಸ್ಯೆ ಎದುರಾಯಿತು. ನನಗೆ ಬೇಕಿದ್ದದ್ದು ಅರೇಯಂಥದ್ದೇ, ಅಂದರೆ ಸಾಲಾಗಿ ಜೋಡಿಸಿದ ಪಟ್ಟಿಯಂಥದ್ದೇ, ಒಂದು ವಸ್ತು. ಅದರ ಪ್ರತಿ ಸ್ಥಾನದಲ್ಲೂ ಒಂದು ಪೂರ್ತಿ ಅಕ್ಷರ ಇರಬೇಕು. ಅರ್ಧ ಅಕ್ಷರ, ಬರೀ ಕೊಂಬು, ಬರೀ ಗುಡಿಸು ಒಳಗೆ ಬರಲೇಬಾರದು. ಅದಕ್ಕೆ 'ಅಕ್ಷರಸಾಲು' ಅಂತ ಹೆಸರಿಟ್ಟೆ. ಜಾವಾಸ್ಕ್ರಿಪ್ಟ್‌ನಲ್ಲಿ ಕ್ಲಾಸ್‌ಗೆ (ವಸ್ತುಗಳನ್ನು ಮಾಡುವ ಅಚ್ಚು), ವೇರಿಯಬಲ್‌ಗೆ ಕನ್ನಡದಲ್ಲೇ ಹೆಸರಿಡಬಹುದು, ಭಾಷೆ ಅದನ್ನು ಒಪ್ಪುತ್ತದೆ.

ಮೊದಲು ಪದವನ್ನು ಅಕ್ಷರಗಳಾಗಿ ಒಡೆಯುವ ಕೆಲಸ. ಇದಕ್ಕೆ ಭಾಷೆಯಲ್ಲೇ ಇಂಟ್ಲ್ ಸೆಗ್ಮೆಂಟರ್ ಇದೆ. 2024ರಲ್ಲಿ ಫೈರ್‌ಫಾಕ್ಸ್‌ಗೂ ಬಂದ ಮೇಲೆ ಎಲ್ಲ ಮುಖ್ಯ ಬ್ರೌಸರ್‌ಗಳಲ್ಲೂ ಸಿಗುತ್ತದೆ. ನಾನು 'ಕರ್ನಾಟಕ' ಕೊಟ್ಟಾಗ ಅದು 5 ಚೂರು ಕೊಟ್ಟಿತು: ಕ, ರ್, ನಾ, ಟ, ಕ. ಸ್ವರ ಚಿಹ್ನೆಗಳನ್ನು ಸರಿಯಾಗಿ ಅಂಟಿಸಿದೆ, ಒತ್ತಕ್ಷರವನ್ನು ಮಾತ್ರ ಬಿಡಿಸಿಬಿಟ್ಟಿದೆ. ಆದ್ದರಿಂದ ಮೇಲೊಂದು ನಿಯಮ ಸೇರಿಸಿದೆ. ಒಂದು ಚೂರು ವಿರಾಮ ಚಿಹ್ನೆಯಲ್ಲಿ ಮುಗಿದು ಮುಂದಿನದು ವ್ಯಂಜನದಿಂದ ಶುರುವಾದರೆ ಎರಡನ್ನೂ ಸೇರಿಸು. ಇಷ್ಟಕ್ಕೆ 'ಕರ್ನಾಟಕ' 4 ಆಯಿತು. 'ಸ್ತ್ರೀ' 1 ಆಯಿತು.

ಇಲ್ಲೊಂದು ಮಾತು ಹೇಳಲೇಬೇಕು. ಇಂಥ ಕೆಲಸವನ್ನು 'ಕನ್ನಡ' ಅನ್ನೋ ಪದ ಇಟ್ಟುಕೊಂಡು ಪರೀಕ್ಷೆ ಮಾಡಬೇಡಿ. ನಮ್ಮ ಕೈ ಸಹಜವಾಗಿ ಆ ಪದಕ್ಕೇ ಹೋಗುತ್ತದೆ, ಅಲ್ವಾ? ಅದನ್ನು ಏನೂ ಯೋಚಿಸದೆ ಬಿಡಿ ಚಿಹ್ನೆಗಳಾಗಿ ಒಡೆದು ತಿರುಗಿಸಿದರೂ 'ಡನ್ನಕ' ಅಂತ ಸರಿಯಾಗೇ ಬರುತ್ತದೆ. ವಿರಾಮ ಚಿಹ್ನೆ ಎರಡು ನಕಾರಗಳ ನಡುವೆ ಇರುವುದರಿಂದ ತಪ್ಪು ಅಡಗಿ ಕೂರುತ್ತದೆ. 'ಮೈಸೂರು' ತಿರುಗಿಸಿ ನೋಡಿ. ಬರಬೇಕಾದ್ದು 'ರುಸೂಮೈ'. ಬರುವುದು ಮುಂದೆ ಒಂಟಿ ಕೊಂಬು, ಅದರ ಹಿಂದೆ 'ರೂಸೈಮ'. 'ವಿಕಟಕವಿ'ಯನ್ನು ಹಿಂದಿನಿಂದ ಓದಿದರೂ ಅದೇ ಪದ ಅಂತ ನಾವೆಲ್ಲ ಚಿಕ್ಕಂದಿನಲ್ಲೇ ಕಲಿತಿದ್ದೇವೆ. ಬಿಡಿ ಚಿಹ್ನೆ ನೋಡುವ ಪ್ರೋಗ್ರಾಂ ಮಾತ್ರ ಅಲ್ಲ ಅನ್ನುತ್ತದೆ.

ಈಗ ಕ್ಲಾಸ್‌ಗೆ ಬರೋಣ. ನಾನು ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಎಕ್ಸ್‌ಟೆಂಡ್ಸ್ ಅಂತ ಬರೆದು ಭಾಷೆಯ ಅರೇಯನ್ನೇ ಹಿಗ್ಗಿಸಿದೆ. ಕನ್‌ಸ್ಟ್ರಕ್ಟರ್ (ಹೊಸ ವಸ್ತು ಮಾಡುವ ಭಾಗ) ಒಂದು ಪದ ತೆಗೆದುಕೊಳ್ಳುತ್ತದೆ, ಅದನ್ನು ಸ್ಟ್ರಿಂಗ್ (ಪಠ್ಯ) ಮಾಡಿಕೊಳ್ಳುತ್ತದೆ, ಒಡೆದು ಒಂದೊಂದೇ ಅಕ್ಷರವನ್ನು ಪುಶ್ ಮಾಡುತ್ತದೆ, ಅಂದರೆ ಕೊನೆಗೆ ಸೇರಿಸುತ್ತದೆ. 10 ಸಾಲಿನ ಕೆಲಸ. ಮ್ಯಾಪ್ (ಪ್ರತಿಯೊಂದನ್ನೂ ಬದಲಿಸಿದ ಹೊಸ ಸಾಲು), ಫಿಲ್ಟರ್ (ಆರಿಸಿದವು ಮಾತ್ರ), ಸ್ಲೈಸ್ (ಒಂದು ತುಂಡು) ಅನ್ನೋ ಮೆಥಡ್‌ಗಳು, ಅಂದರೆ ಸಿದ್ಧ ಕೆಲಸಗಳು, ಎಲ್ಲ ಪುಕ್ಕಟೆ ಸಿಕ್ಕವು. ಖುಷಿಯಾಯಿತು.

2 ದಿನ ಬಿಟ್ಟು ಹುಡುಗಿ ಫೋನ್ ಮಾಡಿದಳು. "ಮಾವ, ಎಲ್ಲ ಚೌಕ ತುಂಬಿದೀನಿ. ಆದ್ರೂ ಇನ್ನೂ 1 ಬಾಕಿ ಅಂತ ಬರ್ತಿದೆ."

ಬಾಕಿ ಎಷ್ಟು ಅಂತ ಲೆಕ್ಕ ಹಾಕಲು ನಾನು ಫಿಲ್ಟರ್ ಬಳಸಿದ್ದೆ. ತಪ್ಪಾದ, ಖಾಲಿಯಾದ ಚೌಕಗಳನ್ನು ಆರಿಸಿ ಅವುಗಳ ಲೆಂಗ್ತ್ ನೋಡುವುದು. ಎಲ್ಲ ಸರಿ ಇದ್ದರೆ 0 ಬರಬೇಕು. ಬರುತ್ತಿದ್ದದ್ದು 1. ಒಂದೇ ಒಂದು ಚೌಕ ತಪ್ಪಿದ್ದರೂ 1, ಯಾವುದೂ ತಪ್ಪಿಲ್ಲದಿದ್ದರೂ 1. ಆ ಒಂದು ಯಾವುದು ಅಂತ ತೆಗೆದು ನೋಡಿದರೆ ಒಳಗೆ '0' ಅನ್ನೋ ಅಕ್ಷರ ಕೂತಿತ್ತು. ನಾನು ಎಲ್ಲೂ ಸೊನ್ನೆ ಹಾಕಿರಲಿಲ್ಲ.

ಎಲ್ಲಿಂದ ಬಂತು? ಫಿಲ್ಟರ್ ಹೊಸ ಅರೇ ಕೊಡಬೇಕಲ್ಲ. ನಮ್ಮ ಕ್ಲಾಸ್‌ನ ಮೇಲೆ ಅದನ್ನು ಕರೆದರೆ ಹೊಸದೂ ನಮ್ಮ ಕ್ಲಾಸ್‌ನದ್ದೇ ಆಗಿರಲಿ ಅಂತ ಭಾಷೆ ನಮ್ಮ ಕನ್‌ಸ್ಟ್ರಕ್ಟರನ್ನೇ ಕರೆಯುತ್ತದೆ. ಏನು ಕೊಟ್ಟು ಕರೆಯುತ್ತದೆ? ಒಂದು ಸಂಖ್ಯೆ. ಭಾಷೆಯ ಸ್ವಂತ ಅರೇಗೆ ಒಂದು ಸಂಖ್ಯೆ ಕೊಟ್ಟರೆ ಅಷ್ಟು ಉದ್ದದ ಖಾಲಿ ಅರೇ ಅಂತ ಅರ್ಥ. ನಮ್ಮ ಕ್ಲಾಸ್ ಕೂಡ ಹಾಗೇ ಅರ್ಥ ಮಾಡಿಕೊಳ್ಳುತ್ತದೆ ಅಂತ ಅದು ನಂಬುತ್ತದೆ. ಮ್ಯಾಪ್ ಆದರೆ ಮೂಲ ಅರೇಯ ಉದ್ದ ಕೊಡುತ್ತದೆ, ಸ್ಲೈಸ್ ಆದರೆ ತುಂಡಿನ ಉದ್ದ, ಫಿಲ್ಟರ್ ಆದರೆ 0. ನನ್ನ ಕನ್‌ಸ್ಟ್ರಕ್ಟರ್ ಆ 0 ಅನ್ನು ಪದ ಅಂದುಕೊಂಡು, ಸ್ಟ್ರಿಂಗ್ ಮಾಡಿ, ಒಳಗೆ ಸೇರಿಸಿಕೊಂಡಿತು. ಫಿಲ್ಟರ್‌ಗೆ ಒಂದಾದರೂ ಅಕ್ಷರ ಸಿಕ್ಕಿದರೆ ಅದು ಆ ಸೊನ್ನೆಯ ಜಾಗದಲ್ಲೇ ಕೂತು ಗುರುತು ಅಳಿಸಿಬಿಡುತ್ತದೆ. ಏನೂ ಸಿಗದಿದ್ದಾಗ ಸೊನ್ನೆ ಹಾಗೇ ಉಳಿಯುತ್ತದೆ. ಮ್ಯಾಪ್‌ನಲ್ಲೂ ಇದೇ ಕಥೆ, ಆದರೆ ಸಾಲು ಖಾಲಿ ಇಲ್ಲದಿದ್ದರೆ ಅಲ್ಲಿ ಮೊದಲ ಚೌಕ ಯಾವಾಗಲೂ ಅಳಿಸಿ ಬರೆಯಲ್ಪಡುವುದರಿಂದ ಗೊತ್ತೇ ಆಗುವುದಿಲ್ಲ. ಇರಲಿ ಅಂತ ನಾನು ಹಾಕಿದ್ದ ಸ್ಟ್ರಿಂಗ್ ಪರಿವರ್ತನೆಯೇ ನನಗೆ ಮುಳುವಾಯಿತು. ಅದರ ಬದಲು ಸ್ಟ್ರಿಂಗ್ ಅಲ್ಲದ್ದು ಬಂದರೆ ಎರರ್ ಕೊಡುವಂತೆ ಬರೆದಿದ್ದರೆ ಸಂಖ್ಯೆ ಬಂದ ಮೊದಲ ಸಲವೇ ವಿಷಯ ತಿಳಿಯುತ್ತಿತ್ತು.

ಇದನ್ನು ತಡೆಯಲು ಭಾಷೆಯಲ್ಲೇ ಒಂದು ದಾರಿ ಇದೆ. ಸಿಂಬಲ್ ಸ್ಪೀಷೀಸ್ ಅನ್ನೋ ಸ್ಟ್ಯಾಟಿಕ್ ಗೆಟರ್ (ಕ್ಲಾಸ್‌ಗೇ ಸೇರಿದ, ಕೇಳಿದಾಗ ಉತ್ತರ ಕೊಡುವ ಭಾಗ) ಬರೆದು, 'ಹೊಸದು ಮಾಡುವಾಗ ಸಾಮಾನ್ಯ ಅರೇ ಸಾಕು' ಅಂತ ಹೇಳಬಹುದು. ಆಗ ಮ್ಯಾಪ್, ಫಿಲ್ಟರ್ ಎಲ್ಲ ಸಾದಾ ಅರೇ ಕೊಡುತ್ತವೆ. ಇನ್ನೊಂದು ದಾರಿ ಕನ್‌ಸ್ಟ್ರಕ್ಟರನ್ನು ಮುಟ್ಟದೇ ಬಿಟ್ಟು, ಪದದಿಂದ ಸಾಲು ಮಾಡುವ ಕೆಲಸಕ್ಕೆ ಬೇರೆ ಸ್ಟ್ಯಾಟಿಕ್ ಮೆಥಡ್ ಬರೆಯುವುದು. ಅರೇಯನ್ನು ಹಿಗ್ಗಿಸಲೇಬೇಕು ಅನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ. ಕನ್‌ಸ್ಟ್ರಕ್ಟರ್‌ಗೆ ಕೈ ಹಾಕಬೇಡಿ. ಇನ್ನೂ ಒಂದು ಗೊಂದಲ ನೆನಪಿಟ್ಟುಕೊಳ್ಳಿ. 2023ರ ಆವೃತ್ತಿಯಲ್ಲಿ ಬಂದ ಟೂಸಾರ್ಟೆಡ್, ಟೂರಿವರ್ಸ್ಡ್‌ನಂಥ ಹೊಸ ಮೆಥಡ್‌ಗಳು ಸ್ಪೀಷೀಸನ್ನು ಕೇಳುವುದೇ ಇಲ್ಲ. ಅವು ಯಾವಾಗಲೂ ಸಾದಾ ಅರೇಯನ್ನೇ ಕೊಡುತ್ತವೆ. ಒಂದೇ ವಸ್ತುವಿನ ಮೇಲೆ ಮ್ಯಾಪ್ ಕರೆದರೆ ಅಕ್ಷರಸಾಲು, ಟೂಸಾರ್ಟೆಡ್ ಕರೆದರೆ ಬರೀ ಅರೇ.

ಇಷ್ಟು ಸರಿ ಮಾಡಿದರೂ ನನ್ನ ಮೂಲ ಬಯಕೆ ಈಡೇರಲಿಲ್ಲ. ಅರ್ಧ ಅಕ್ಷರ ಒಳಗೆ ಬರಬಾರದು ಅಂದಿದ್ದೆನಲ್ಲ, ಅದು. ಪುಶ್‌ನಲ್ಲಿ ಕಾವಲು ಹಾಕಿದೆ. ಅನ್‌ಶಿಫ್ಟ್ ಉಳಿಯಿತು. ಅದಕ್ಕೂ ಹಾಕಿದೆ. ಸ್ಪ್ಲೈಸ್, ಫಿಲ್, ಕಾಪಿವಿದಿನ್. ಅವೆಲ್ಲ ಮುಗಿದರೂ ಆವರಣ ಚಿಹ್ನೆಯಲ್ಲಿ [ ] ನೇರವಾಗಿ 3ನೇ ಜಾಗಕ್ಕೆ ಏನು ಬೇಕಾದರೂ ಬರೆಯಬಹುದು. ಲೆಂಗ್ತ್‌ಗೆ 0 ಕೊಟ್ಟು ಇಡೀ ಸಾಲನ್ನೇ ಖಾಲಿ ಮಾಡಬಹುದು. ಅರೇಯನ್ನು ಹಿಗ್ಗಿಸಿದಾಗ ಅದರ ಅನುಕೂಲದ ಜೊತೆ ಅದರ ಎಲ್ಲ ಬಾಗಿಲೂ ನಮ್ಮ ಮನೆಗೆ ಬರುತ್ತವೆ. 2015ರಲ್ಲಿ ಎಕ್ಸ್‌ಟೆಂಡ್ಸ್ ಬರುವ ಮುಂಚೆ ನಿಜವಾದ ಅರೇಯನ್ನು ಹಿಗ್ಗಿಸಲು ಸರಿಯಾದ ದಾರಿಯೇ ಇರಲಿಲ್ಲ. 0ಯಿಂದ ಎಣಿಸಿ 9ನೇ ಜಾಗಕ್ಕೆ ಬರೆದ ಕೂಡಲೇ ಲೆಂಗ್ತ್ ತಾನಾಗಿ 10 ಆಗುವ ಗುಣ ನಕಲಿಗೆ ಬರುತ್ತಿರಲಿಲ್ಲ. ಇನ್ನೊಂದು ಐಫ್ರೇಮ್ (ಪುಟದೊಳಗಿನ ಪುಟ) ತೆರೆದು ಅಲ್ಲಿಯ ಅರೇಯನ್ನು ಎರವಲು ತಂದು, ಅದಕ್ಕೆ ಮೆಥಡ್ ಸೇರಿಸಿ ಬಳಸಿದವರೂ ಇದ್ದರು. ಅಷ್ಟು ಕಷ್ಟಪಟ್ಟು ಪಡೆದ ಸೌಲಭ್ಯ ಇದು ಅನ್ನೋದು ನಿಜ. ಆದರೂ ನನ್ನಂಥ ಕೆಲಸಕ್ಕೆ ಇದು ಸರಿಯಾದ ಸಾಧನ ಅಲ್ಲ.

ನಡುವೆ ಒಂದು ಎಚ್ಚರಿಕೆ. ಕ್ಲಾಸೇ ಬೇಡ, ಭಾಷೆಯ ಅರೇ ಪ್ರೋಟೋಟೈಪ್‌ಗೇ (ಎಲ್ಲ ಅರೇಗಳಿಗೂ ಮೆಥಡ್ ಕೊಡುವ ಮೂಲ ವಸ್ತು) ನಮ್ಮ ಮೆಥಡ್ ಸೇರಿಸಿಬಿಡೋಣ ಅನ್ನಿಸಬಹುದು. ದಯವಿಟ್ಟು ಬೇಡ. ಮೂಟೂಲ್ಸ್ ಅನ್ನೋ ಹಳೆಯ ಲೈಬ್ರರಿ ಹಾಗೆ ಕಂಟೇನ್ಸ್, ಫ್ಲಾಟನ್ ಅನ್ನೋ ಮೆಥಡ್‌ಗಳನ್ನು ಸೇರಿಸಿತ್ತು. ಮುಂದೆ ಅದೇ ಹೆಸರಿನ ಮೆಥಡ್‌ಗಳನ್ನು ಭಾಷೆಗೆ ತರಲು ಹೊರಟಾಗ ಹಳೆಯ ಸೈಟ್‌ಗಳು ಮುರಿದವು. ಅದಕ್ಕೇ 2016ರಲ್ಲಿ ಬಂದದ್ದು ಇನ್‌ಕ್ಲೂಡ್ಸ್, ಕಂಟೇನ್ಸ್ ಅಲ್ಲ. 2018ರಲ್ಲಿ ಫ್ಲಾಟನ್ ಬಗ್ಗೆ ದೊಡ್ಡ ಚರ್ಚೆಯೇ ಆಗಿ, 2019ರ ಆವೃತ್ತಿಗೆ ಫ್ಲಾಟ್ ಅಂತ ಬಂತು. ಯಾರೋ ತಮ್ಮ ಅನುಕೂಲಕ್ಕೆ ಸೇರಿಸಿದ ಹೆಸರು ಇಡೀ ಜಗತ್ತಿನ ಭಾಷೆಯನ್ನು ಬದಲಿಸಿತು.

ಕೊನೆಗೆ ನಾನು ಅರೇಯನ್ನು ಹಿಗ್ಗಿಸುವುದನ್ನೇ ಬಿಟ್ಟೆ. ಅಕ್ಷರಸಾಲು ಈಗ ಒಂದು ಸಾದಾ ಕ್ಲಾಸ್. ಅದರ ಒಳಗೆ ಒಂದು ಅರೇ ಇದೆ, ಹ್ಯಾಶ್ ಗುರುತಿನಿಂದ ಶುರುವಾಗುವ ಖಾಸಗಿ ಫೀಲ್ಡ್‌ನಲ್ಲಿ. ಹೊರಗಿನಿಂದ ಅದನ್ನು ಯಾರೂ ಮುಟ್ಟಲಾರರು. ಬಾಗಿಲು ಎಷ್ಟು ಬೇಕೋ ಅಷ್ಟೇ ಇಟ್ಟೆ. ಲೆಂಗ್ತ್‌ಗೆ ಒಂದು ಗೆಟರ್, ಸೆಟರ್ ಇಲ್ಲ. ಅಕ್ಷರ ಓದಲು ಆಟ್ ಅನ್ನೋ ಮೆಥಡ್, -1 ಕೊಟ್ಟರೆ ಕೊನೆಯ ಅಕ್ಷರ. ಬರೆಯಲು ಒಂದೇ ಒಂದು ಮೆಥಡ್, ಅದರಲ್ಲಿ ಕಾವಲು.

ಇದರ ಜೊತೆಗೆ ಸಿಂಬಲ್ ಇಟರೇಟರ್ (ಅಂಶಗಳನ್ನು ಒಂದೊಂದಾಗಿ ಕೊಡುವ ಮೆಥಡ್) ಬರೆದರೆ ಅರ್ಧಕ್ಕಿಂತ ಜಾಸ್ತಿ ಅರೇತನ ವಾಪಸ್ ಬರುತ್ತದೆ. ಒಂದೇ ಸಾಲಿನ ಕೆಲಸ, ಒಳಗಿನ ಅರೇಯ ಇಟರೇಟರನ್ನು ಹೊರಗೆ ಕೊಡುವುದು. ಅಷ್ಟಕ್ಕೇ ಫಾರ್-ಆಫ್ ಲೂಪ್ ನಡೆಯುತ್ತದೆ, 3 ಚುಕ್ಕೆಯ ಸ್ಪ್ರೆಡ್ ನಡೆಯುತ್ತದೆ, ಅರೇ ಫ್ರಮ್ ನಡೆಯುತ್ತದೆ. ಮ್ಯಾಪ್ ಬೇಕಾದವರು ಸ್ಪ್ರೆಡ್ ಮಾಡಿ ಸಾದಾ ಅರೇ ಮಾಡಿಕೊಂಡು ಏನು ಬೇಕಾದರೂ ಮಾಡಿಕೊಳ್ಳಲಿ. ಅದು ಅವರ ಪ್ರತಿ, ನನ್ನ ಸಾಲು ಹಾಗೇ ಇರುತ್ತದೆ.

ಕಳೆದುಕೊಂಡದ್ದೂ ಇದೆ. ಅರೇ ಈಸ್‌ಅರೇ ಕೇಳಿದರೆ ಅಲ್ಲ ಅನ್ನುತ್ತದೆ. ಕಾನ್‌ಕ್ಯಾಟ್ ಮಾಡಿದರೆ ಬಿಡಿಸಿ ಸೇರಿಸುವುದಿಲ್ಲ, ಇಡೀ ವಸ್ತುವನ್ನೇ ಒಂದು ಅಂಶವಾಗಿ ಸೇರಿಸುತ್ತದೆ. ನನಗೆ ಹೆಚ್ಚು ತೊಂದರೆ ಕೊಟ್ಟದ್ದು ಜೇಸನ್, ಅಂದರೆ ಡೇಟಾವನ್ನು ಪಠ್ಯವಾಗಿ ಬರೆದಿಡುವ ರೂಪ. ಆಟ ಅರ್ಧಕ್ಕೆ ನಿಲ್ಲಿಸಿದಾಗ ಉಳಿಸಿಡಬೇಕಲ್ಲ. ಖಾಸಗಿ ಫೀಲ್ಡ್ ಜೇಸನ್‌ಗೆ ಕಾಣುವುದಿಲ್ಲ. ಒಂದು ಖಾಲಿ ಆಬ್ಜೆಕ್ಟ್ ಬರೆದು ಸುಮ್ನೆ ಮುಂದೆ ಹೋಗುತ್ತದೆ, ಎರರ್ ಕೂಡ ಇಲ್ಲ. ಟೂಜೇಸನ್ ಅನ್ನೋ ಮೆಥಡ್ ಬರೆದು ಒಳಗಿನ ಅರೇಯ ಪ್ರತಿ ಕೊಟ್ಟರೆ ಸರಿಹೋಗುತ್ತದೆ. ನಿಮ್ಮ ಕ್ಲಾಸ್‌ನಲ್ಲಿ ಉಳಿಸಿಡುವ ಕೆಲಸ ಇದ್ದರೆ ಇದನ್ನು ಮೊದಲ ದಿನವೇ ಬರೆಯಿರಿ.

ಆವರಣ ಚಿಹ್ನೆ ಬೇಕೇ ಬೇಕು ಅನ್ನುವವರಿಗೆ ಪ್ರಾಕ್ಸಿ ಇದೆ, ಇನ್ನೊಂದು ವಸ್ತುವಿನ ಮುಂದೆ ನಿಂತು ಅದರ ಓದು, ಬರಹವನ್ನು ತಡೆದು ನೋಡುವಂಥದ್ದು. ನಾನೂ ಒಂದು ಸಂಜೆ ಅದರಲ್ಲಿ ಕಳೆದೆ. ಆವರಣದೊಳಗೆ 0 ಬರೆದರೂ ಪ್ರಾಕ್ಸಿಗೆ ಬರುವುದು '0' ಅನ್ನೋ ಸ್ಟ್ರಿಂಗ್, ಅದನ್ನು ನಾವೇ ಸಂಖ್ಯೆ ಮಾಡಿಕೊಳ್ಳಬೇಕು. ಪ್ರಾಕ್ಸಿಯ ಮೇಲೆ ಮೆಥಡ್ ಕರೆದರೆ ಒಳಗೆ ದಿಸ್ (ಮೆಥಡ್ ಯಾವುದರ ಮೇಲೆ ನಡೆಯುತ್ತಿದೆಯೋ ಅದು) ಅಂದರೆ ಪ್ರಾಕ್ಸಿಯೇ. ಖಾಸಗಿ ಫೀಲ್ಡ್ ಇರುವುದು ಅದರ ಹಿಂದಿನ ಆಬ್ಜೆಕ್ಟ್‌ನಲ್ಲಿ, ಪ್ರಾಕ್ಸಿಯಲ್ಲಿ ಅಲ್ಲ. ಹಾಗಾಗಿ ಟೈಪ್‌ಎರರ್. ಮೆಥಡ್‌ಗಳನ್ನು ಒಳಗಿನ ಆಬ್ಜೆಕ್ಟ್‌ಗೆ ಕಟ್ಟಿ ಕೊಟ್ಟರೆ ನಡೆಯುತ್ತದೆ. ಆದರೆ ಪ್ರತಿ ಓದೂ ಒಂದು ಫಂಕ್ಷನ್ ಮೂಲಕ ಹೋಗಿ ಬರಬೇಕು. ಆಟ್ ಇರುವಾಗ ಇಷ್ಟೆಲ್ಲ ಯಾಕೆ ಅನ್ನಿಸಿ ಅಳಿಸಿ ಹಾಕಿದೆ.

ಒಳಗೆ ಬರುವ ಬಾಗಿಲು ಒಂದೇ ಆದದ್ದರಿಂದ ಇನ್ನೊಂದು ಕೆಲಸವೂ ಸಲೀಸಾಯಿತು. 'ಕೊ' ಅನ್ನುವುದರ ಒಕಾರದ ಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎಕಾರದ ಚಿಹ್ನೆಗೆ ಊಕಾರದ್ದನ್ನು ಸೇರಿಸಿ ಎರಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಹೋಲಿಸಿದರೆ ಬೇರೆ ಬೇರೆ. ಮಗು ಸರಿಯಾಗಿ 'ಕೊಡೆ' ಅಂತ ತುಂಬಿದರೂ ಆಟ ತಪ್ಪು ಅಂದೀತು. ಬಾಗಿಲಲ್ಲೇ ನಾರ್ಮಲೈಸ್ ಕರೆದರೆ ಎರಡೂ ಒಂದೇ ರೂಪಕ್ಕೆ ಬರುತ್ತವೆ. ಅಂದಹಾಗೆ, ಕನ್ನಡದಲ್ಲಿ ಇಟ್ಟ ವೇರಿಯಬಲ್ ಹೆಸರಿಗೆ ಜಾವಾಸ್ಕ್ರಿಪ್ಟ್ ಈ ಉಪಕಾರ ಮಾಡುವುದಿಲ್ಲ. ಎರಡು ಥರ ಟೈಪ್ ಆದ 'ಕೊಡೆ' ಅದಕ್ಕೆ ಎರಡು ಬೇರೆ ವೇರಿಯಬಲ್. ಒಕಾರ, ಓಕಾರ ಇರುವ ಹೆಸರು ಇಡುವಾಗ ಹುಷಾರು.

ಅರೇಯನ್ನು ಹಿಗ್ಗಿಸುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಕಾಪಾಡಬೇಕಾದ ನಿಯಮ ಏನೂ ಇಲ್ಲ, ಬರೀ ಮೊತ್ತ, ಸರಾಸರಿ ಅಂತ 2 ಮೆಥಡ್ ಸೇರಿಸಬೇಕು ಅಷ್ಟೇ ಅಂದರೆ ಧಾರಾಳವಾಗಿ ಹಿಗ್ಗಿಸಿ. ಸಂಖ್ಯೆಗಳ ಸಾಲಾದರೆ ಹೊಸದನ್ನು ಮಾಡುವಾಗ ಆಫ್ ಅನ್ನೋ ಸ್ಟ್ಯಾಟಿಕ್ ಮೆಥಡ್ ಬಳಸಿ. ಕನ್‌ಸ್ಟ್ರಕ್ಟರ್‌ಗೆ ಒಂಟಿ 3 ಕೊಟ್ಟರೆ 3 ಇರುವ ಸಾಲು ಬರುವುದಿಲ್ಲ, 3 ಖಾಲಿ ಜಾಗ ಬರುತ್ತದೆ.

ಈಗ ನನ್ನ ಪರೀಕ್ಷೆಯಲ್ಲಿ ಇರುವ ಪದಗಳು: ಮೈಸೂರು 3, ರಾಷ್ಟ್ರ 2, ವಿಕಟಕವಿ 5, ಬೆಂಗಳೂರು 4, ಖಾಲಿ ಸ್ಟ್ರಿಂಗ್ 0. ಕೊನೆಯದು ಆ ಫೋನ್ ಕರೆಯ ನೆನಪಿಗೆ. ಇನ್ನೊಂದು ಪದ ಇದೆ, ಅದರ ಉತ್ತರ ನನ್ನ ಕ್ಲಾಸ್‌ನ ಕೈಯಲ್ಲಿಲ್ಲ. "ಮಾವ, ರಾಜ್‌ಕುಮಾರ್‌ಗೆ 4 ಚೌಕನಾ, 5 ಚೌಕನಾ?" ಅಂತ ಹುಡುಗಿ ಕೇಳಿದಳು. 'ಜ್' ಆದ ಮೇಲೆ ಕಣ್ಣಿಗೆ ಕಾಣದ ಬಿಡಿಸುವ ಚಿಹ್ನೆ ಇದ್ದರೆ ರಾ, ಜ್, ಕು, ಮಾ, ರ್ ಅಂತ 5. ಅದಿಲ್ಲದಿದ್ದರೆ ಜ ಮತ್ತು ಕು ಒತ್ತಾಗಿ ಸೇರಿಕೊಂಡು 4. ಪದಪಟ್ಟಿ ಟೈಪ್ ಮಾಡುವವರು ಆ ಚಿಹ್ನೆ ಹಾಕಿರಬೇಕು. ಆದ್ದರಿಂದ ಕಳೆದ ವಾರ ಪಟ್ಟಿಯ 600 ಪದಗಳನ್ನೂ ಕೂತು ಒಂದೊಂದಾಗಿ ನೋಡಿದೆ. 11 ಕಡೆ ಹಾಕಬೇಕಾಯಿತು.