ಕುರ್ಚಿ ಅಳಿಸಿದರೂ ಧೋತ್ರದ ಮೇಲಿನ ಕೆಂಪು ಹೋಗಲ್ಲ

ಕೊಪ್ಪಳದ ನಮ್ಮ ಸ್ಟುಡಿಯೋಗೆ ಒಂದು ಥರದ ಕೆಲಸ ಪದೇ ಪದೇ ಬರುತ್ತೆ. ಮನೆಯ ಹಿರಿಯರು ತೀರಿಕೊಂಡಿರುತ್ತಾರೆ, ಗೋಡೆಗೆ ಹಾಕೋಕೆ ಒಂದು ಒಳ್ಳೆ ಫೋಟೊ ಇರಲ್ಲ, ಯಾವುದೋ ಮದುವೆಯಲ್ಲಿ ತೆಗೆದ ಗುಂಪು ಫೋಟೊ ಮೊಬೈಲಿನಲ್ಲಿ ಹಿಡಿದುಕೊಂಡು ಬರುತ್ತಾರೆ. "ಅಣ್ಣಾರ, ನಮ್ಮಪ್ಪನ್ನ ಒಬ್ಬರನ್ನ ಇಟ್ಟು ಉಳಿದದ್ದೆಲ್ಲ ತೆಗೆದುಬಿಡ್ರಿ" ಅನ್ನುತ್ತಾರೆ. ನಾನು ಮೊದಲು ಕೇಳೋದು ಎರಡೇ ಮಾತು. ವಾಟ್ಸಾಪ್‌ನಲ್ಲಿ ಬಂದದ್ದು ಬೇಡ, ಫೋಟೊ ತೆಗೆದ ಮೊಬೈಲಿನಲ್ಲಿರೋ ಮೂಲ ಫೈಲೇ ಬೇಕು. ಅದೇ ದಿನದ ಬೇರೆ ಫೋಟೊಗಳಿದ್ದರೆ ಅವೂ ಬೇಕು. ಎರಡನೆಯದು ಯಾಕೆ ಅಂತ ಮುಂದೆ ಹೇಳ್ತೀನಿ.

ಹಾಗೆ ಬಂದ ಒಂದು ಫೋಟೊದಲ್ಲಿ ಅಜ್ಜ ಬಿಳಿ ಧೋತ್ರ ಉಟ್ಟು, ಹೆಗಲ ಮೇಲೆ ಟವೆಲ್ ಹಾಕಿಕೊಂಡು ಮಧ್ಯಾಹ್ನದ ಬಿಸಿಲಲ್ಲಿ ನಿಂತಿದ್ದರು. ಪಕ್ಕದಲ್ಲಿ ಕೆಂಪು ಪ್ಲಾಸ್ಟಿಕ್ ಕುರ್ಚಿ, ಹೆಗಲ ಮೇಲೆ ಮೊಮ್ಮಗಳ ಕೈ. ಕುರ್ಚಿ ತೆಗೆಯೋದು ಕಷ್ಟವಾಗಲಿಲ್ಲ, ಹಿಂದೆ ಇದ್ದದ್ದು ಸುಣ್ಣ ಬಳಿದ ಗೋಡೆ. ಸುತ್ತ ಸೆಲೆಕ್ಟ್ ಮಾಡಿ, ಸುತ್ತಮುತ್ತಲಿನದನ್ನು ನೋಡಿ ಖಾಲಿ ಜಾಗ ತಾನೇ ತುಂಬೋ ಕಂಟೆಂಟ್ ಅವೇರ್ ಫಿಲ್ ಕೊಟ್ಟರೆ ಆಯ್ತು, ಫೋಟೋಶಾಪ್‌ನಲ್ಲಿ ಅದು 2010ರಿಂದಲೇ ಇದೆ. ನೆಲದ ಮೇಲಿನ ನೆರಳನ್ನೂ ತೆಗೆದೆ. ಅದನ್ನು ಮರೆಯುವವರು ಬಹಳ ಜನ, ಆದರೆ ನಮ್ಮ ಕಡೆ ಬಿಸಿಲಿಗೆ ನೆರಳು ಕತ್ತರಿಸಿಟ್ಟ ಹಾಗೆ ಕಪ್ಪಗೆ ಬೀಳುತ್ತೆ, ಬಿಟ್ಟರೆ ಯಾರಿಗಾದರೂ ಕಾಣುತ್ತೆ.

ಅಜ್ಜನ ಮಗಳು ಬಂದು ನೋಡಿದರು. ಸ್ವಲ್ಪ ಹೊತ್ತು ಸುಮ್ನೆ ನಿಂತು, "ಅಪ್ಪನ ಧೋತ್ರ ಹಿಂಗಿರಲಿಲ್ಲರಿ" ಅಂದರು. ಅವರು ಹೇಳಿದ್ದು ಸರಿ. ಕುರ್ಚಿಗೆ ಬಿದ್ದ ಬಿಸಿಲು ಅಲ್ಲಿಂದ ಚಿಮ್ಮಿ ಧೋತ್ರದ ಆ ಮಗ್ಗುಲಿಗೆ ತೆಳು ಗುಲಾಬಿ ಬಣ್ಣ ಹತ್ತಿಸಿತ್ತು. ಕುರ್ಚಿ ಇದ್ದಾಗ ಅದು ಯಾರ ಕಣ್ಣಿಗೂ ಬೀಳಲ್ಲ. ಕುರ್ಚಿ ಹೋದ ಮೇಲೆ ಧೋತ್ರಕ್ಕೆ ಕಲೆ ಆದ ಹಾಗೆ ಕಾಣುತ್ತೆ.

ಇದಕ್ಕೆ ಮದ್ದಿದೆ. ಫೋಟೊದ ಮೇಲೆ ಒಂದು ಖಾಲಿ ಲೇಯರ್, ಅಂದರೆ ಪಾರದರ್ಶಕ ಹಾಳೆಯಂಥದ್ದು, ತೆರೆದು ಅದರ ಬ್ಲೆಂಡ್ ಮೋಡ್ (ಕೆಳಗಿನ ಫೋಟೊ ಜೊತೆ ಬೆರೆಯೋ ರೀತಿ) ಅನ್ನು 'ಕಲರ್'ಗೆ ಇಡಿ. ಬ್ರಷ್ ಹಿಡಿದು ಆಲ್ಟ್ ಒತ್ತಿ ಧೋತ್ರದ ಶುದ್ಧ ಭಾಗದಿಂದ ಬಣ್ಣ ಎತ್ತಿಕೊಳ್ಳಿ, ಒಪಾಸಿಟಿ, ಅಂದರೆ ಬಣ್ಣದ ದಟ್ಟತನ, ಶೇಕಡ 20–30ರಲ್ಲಿಟ್ಟು ಮೆಲ್ಲಗೆ ಬಳಿಯಿರಿ. ಈ ಮೋಡ್‌ನಲ್ಲಿ ಬಣ್ಣ ಮಾತ್ರ ಬದಲಾಗುತ್ತೆ, ನಿರಿಗೆಯ ಬೆಳಕು ನೆರಳು ಇದ್ದ ಹಾಗೇ ಇರುತ್ತೆ.

ಜಾಸ್ತಿ ಸಮಯ ತಿಂದದ್ದು ಕೈ. ನಾಲ್ಕು ಬೆರಳು ತೆಗೆದೆ, ಆದರೆ ಬೆರಳು ಒತ್ತಿದ ಜಾಗದಲ್ಲಿ ಟವೆಲ್ ತಗ್ಗಾಗಿತ್ತು, ಮಡಿಕೆಗಳೆಲ್ಲ ಇಲ್ಲದ ಕೈಯ ಕಡೆಗೇ ಓಡುತ್ತಿದ್ದವು. ಇನ್ನೊಂದು ಹೆಗಲನ್ನು ತಿರುಗಿಸಿ ಇಲ್ಲಿ ಕೂರಿಸೋಣ ಅಂತ ಎಲ್ಲರಿಗೂ ಅನಿಸುತ್ತೆ, ನಾನೂ ಮಾಡಿ ನೋಡಿದೆ, ಆದರೆ ತಿರುಗಿಸಿದ ಕೂಡಲೇ ಬೆಳಕೂ ತಿರುಗುತ್ತೆ, ಬಿಸಿಲು ಎಡಗಡೆಯಿಂದ ಬರುತ್ತಿದ್ದರೆ ಆ ಒಂದು ಹೆಗಲಿಗೆ ಮಾತ್ರ ಬಲಗಡೆಯಿಂದ ಬಂದ ಹಾಗಾಗುತ್ತೆ. ಕೊನೆಗೆ ಅದೇ ದಿನದ ಇನ್ನೊಂದು ಫೋಟೊದಿಂದ ಅದೇ ಹೆಗಲು ತಂದು ಕೂರಿಸಿದೆ. ಬೇರೆ ಫೋಟೊ ಕೇಳೋದು ಇದಕ್ಕೇ.

ಹೊಸಬರು ಸಾಮಾನ್ಯವಾಗಿ ಎಡವೋ ಇನ್ನೊಂದು ಜಾಗ ಅಂಚು. ಕ್ಲೋನ್ ಸ್ಟ್ಯಾಂಪ್ ಒಂದು ಕಡೆ ಇದ್ದದ್ದನ್ನು ಹಾಗೇ ತಂದು ಇನ್ನೊಂದು ಕಡೆ ಅಂಟಿಸುತ್ತೆ. 2002ರಲ್ಲಿ ಬಂದ ಹೀಲಿಂಗ್ ಬ್ರಷ್ ಹಾಗಲ್ಲ, ಅದು ಮೇಲ್ಮೈಯ ತರಿಯನ್ನಷ್ಟೇ ತಂದು, ಬಣ್ಣ ಬೆಳಕನ್ನು ಹೊಸ ಜಾಗದ ಸುತ್ತಮುತ್ತಲಿನ ಜೊತೆ ಬೆರೆಸುತ್ತೆ. ಆಕಾಶದಲ್ಲಿ ಹಾದುಹೋದ ಕರೆಂಟ್ ವೈರಿಗೆ ಹೀಲಿಂಗ್ ಚೆನ್ನ. ಅದೇ ವೈರು ಗೋಪುರದ ಅಂಚಿಗೆ ಬಂತೋ, ಹೀಲಿಂಗ್ ಬಿಟ್ಟುಬಿಡಿ. ಕಲ್ಲಿನ ಕಪ್ಪನ್ನು ಆಕಾಶಕ್ಕೆ ಮಸಿಯ ಹಾಗೆ ಎಳೆದು ಹಾಕುತ್ತೆ. ಅಲ್ಲಿ ಕ್ಲೋನೇ ಬೇಕು, ಅದೂ ಸ್ವಲ್ಪ ಗಟ್ಟಿ ಅಂಚಿನ ಬ್ರಷ್‌ನಲ್ಲಿ.

ಈಗ ಎಐ ಇದೆಯಲ್ಲ, ಇಷ್ಟೆಲ್ಲ ಯಾಕೆ ಅಂತ ಕೇಳ್ತಾರೆ. ಗೋಡೆ, ನೆಲ, ಗಿಡಕ್ಕೆ ನಾನೂ ಬಳಸ್ತೀನಿ. ಆದರೆ ನಮ್ಮ ಕೊಪ್ಪಳ ಜಿಲ್ಲೆಯ ಇಟಗಿಯ ಮಹಾದೇವ ದೇವಾಲಯದಂಥ ಕಡೆ ಮುಟ್ಟಲ್ಲ. 1112ರಲ್ಲಿ ಕಟ್ಟಿದ ಗುಡಿ ಅದು, ಕಡೆದು ನುಣುಪು ಮಾಡಿದ ಕಂಬಗಳ ಒಂದೊಂದು ಬಳೆಗೂ ಲೆಕ್ಕ ಇದೆ. ಕಂಬದ ಮುಂದೆ ನಿಂತವರನ್ನು ಫೋಟೋಶಾಪ್‌ನ ಎಐ ಆದ ಜನರೇಟಿವ್ ಫಿಲ್‌ನಲ್ಲಿ ಅಳಿಸಿದರೆ ಆ ಜಾಗಕ್ಕೆ ಅದು ತನ್ನ ಕಲ್ಪನೆಯ ಬಳೆಗಳನ್ನು ಬರೆಯುತ್ತೆ. ನೋಡೋಕೆ ಚೆಂದ ಇರಬಹುದು, ಆದರೆ ಅದು ಇಟಗಿಯ ಕಂಬ ಅಲ್ಲ ಅಲ್ವಾ?

ಅಲ್ಲಿಗೆ ಟ್ರೈಪಾಡ್ ಒಯ್ಯಿರಿ. ಕ್ಯಾಮೆರಾ ಅಲುಗಾಡಿಸದೆ, ಎಕ್ಸ್‌ಪೋಷರ್ (ಫೋಟೊಗೆ ಎಷ್ಟು ಬೆಳಕು ಅನ್ನೋ ಸೆಟ್ಟಿಂಗ್) ಬದಲಿಸದೆ, ಬಿಟ್ಟು ಬಿಟ್ಟು ಹತ್ತು ಹದಿನೈದು ಫೋಟೊ ತೆಗೆಯಿರಿ. ಫೋಟೋಶಾಪ್‌ನ ಫೈಲ್ ಮೆನುವಿನಲ್ಲಿ ಸ್ಕ್ರಿಪ್ಟ್ಸ್, ಅದರೊಳಗೆ ಸ್ಟ್ಯಾಟಿಸ್ಟಿಕ್ಸ್ ತೆರೆದು 'ಮೀಡಿಯನ್' ಆರಿಸಿ. ಒಂದೊಂದು ಚುಕ್ಕೆಗೂ ಅಷ್ಟೂ ಫೋಟೊಗಳಲ್ಲಿರೋ ಬಣ್ಣ ಬೆಳಕಿನ ಅಂಕಿಗಳನ್ನು ಸಾಲಾಗಿ ಜೋಡಿಸಿ ನಡುವಿನದನ್ನು ಎತ್ತಿಕೊಳ್ಳುತ್ತೆ. ಒಂದು ಜಾಗದಲ್ಲಿ ಅರ್ಧಕ್ಕಿಂತ ಹೆಚ್ಚು ಫೋಟೊಗಳಲ್ಲಿ ಖಾಲಿ ಕಲ್ಲೇ ಇದ್ದರೆ, ನಡುವಿನ ಅಂಕಿ ಆ ಕಲ್ಲಿನದೇ ಆಗುತ್ತೆ. ಓಡಾಡುವವರೆಲ್ಲ ಹೋಗ್ತಾರೆ, ಉಳಿಯೋದು ನಿಜವಾದ ಕಲ್ಲು.

ಮೆಟ್ಟಿಲ ಮೇಲೆ ಕೂತೇ ಇದ್ದವರು ಮಾತ್ರ ಹೋಗಲ್ಲ. ಹತ್ತಿರ ಹೋಗಿ, "ಎರಡು ನಿಮಿಷ ಈ ಕಡೆ ಬರ್ತೀರೇನ್ರಿ?" ಅಂತ ಕೇಳಿ. ಸಾಮಾನ್ಯವಾಗಿ ಎದ್ದು ಬರ್ತಾರೆ. ಅವರ ನೆರಳೂ ಜೊತೆಗೇ ಬರುತ್ತೆ, ಅರ್ಧ ಗಂಟೆಯ ಕೆಲಸ ತಪ್ಪುತ್ತೆ.