ಕಾಲೇಜಿನ ಹೆಸರು, ಬ್ಯಾಂಕಿನ ಕಂತು

ಮೇ ತಿಂಗಳಲ್ಲಿ ಕೋರ್ಟಿಗೆ ಬೇಸಿಗೆ ರಜೆ. ಆಗ ಉಡುಪಿಯ ನನ್ನ ಆಫೀಸಿಗೆ ಕೇಸು ಹಿಡಿದು ಬರುವವರು ಕಡಿಮೆ, ಮಾರ್ಕ್ಸ್ ಕಾರ್ಡ್ ಹಿಡಿದು ಬರುವವರು ಜಾಸ್ತಿ. ಈ ಸಲ ಹೆಬ್ರಿ ಕಡೆಯ ಹಳೆಯ ಕಕ್ಷಿದಾರರೊಬ್ಬರು ಮಗಳನ್ನು ಕರೆದುಕೊಂಡು ಬಂದಿದ್ದರು. ಹುಡುಗಿ ಎರಡನೇ ಪಿಯುಸಿಗೆ ಬಂದಿದ್ದಾಳೆ, ವಕೀಲೆ ಆಗಬೇಕಂತೆ. "ಯಾವ ಯೂನಿವರ್ಸಿಟಿಗೆ ಹಾಕಿದ್ರೆ ಮುಂದೆ ಒಳ್ಳೇದು ಮೇಡಂ? ಖರ್ಚಿನ ವಿಷಯ ಬಿಡಿ ಮಾರಾಯ್ರೆ, ಅದು ನಾನು ನೋಡಿಕೊಳ್ತೇನೆ" ಅಂದರು ಅಪ್ಪ.

ಖರ್ಚಿನ ವಿಷಯ ಬಿಟ್ಟು ಈ ಪ್ರಶ್ನೆಗೆ ಉತ್ತರ ಹೇಳಲು ನನಗೆ ಬರುವುದಿಲ್ಲ. ಇಪ್ಪತ್ತು ವರ್ಷ ದಾಟಿದ ಪ್ರಾಕ್ಟೀಸಿನಲ್ಲಿ ಕಂಡದ್ದು ಇಷ್ಟು: ಕಾಲೇಜಿನ ಹೆಸರಿನಿಂದ ಮೊದಲ ಕೆಲಸ ಸುಲಭವಾಗುತ್ತದೆ, ನಿಜ. ಆದರೆ ಆ ಹುಡುಗ ಅಥವಾ ಹುಡುಗಿ ಯಾವ ಕೆಲಸವನ್ನು ಧೈರ್ಯವಾಗಿ ಆರಿಸಿಕೊಳ್ಳಬಹುದು ಎಂದು ತೀರ್ಮಾನ ಮಾಡುವುದು ಓದಿಗೆ ಮಾಡಿದ ಸಾಲ.

ಮೊದಲು ಒಂದು ಗೊಂದಲ ಬಗೆಹರಿಸಿಬಿಡೋಣ. ಉಡುಪಿಯ ಕುಂಜಿಬೆಟ್ಟಿನಲ್ಲಿ ವೈಕುಂಠ ಬಾಳಿಗಾ ಕಾನೂನು ಕಾಲೇಜು ಇದೆ, 1957ರದ್ದು. ಮಂಗಳೂರಿನ ಕೊಡಿಯಾಲಬೈಲಿನಲ್ಲಿ ಎಸ್‌ಡಿಎಂ ಕಾನೂನು ಕಾಲೇಜು ಇದೆ, 1974ರದ್ದು. "ಇದು ಒಳ್ಳೆಯದೋ ಅದು ಒಳ್ಳೆಯದೋ" ಎಂದು ಜನ ಗಂಟೆಗಟ್ಟಲೆ ಚರ್ಚೆ ಮಾಡುತ್ತಾರೆ. ಎರಡೂ ಕಡೆ ಪದವಿ ಕೊಡುವುದು ಒಂದೇ ವಿಶ್ವವಿದ್ಯಾಲಯ, ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ. ನಾನು ಓದುವಾಗ ಊರಿನ ಕಾಲೇಜುಗಳೆಲ್ಲ ಮಂಗಳೂರು ವಿಶ್ವವಿದ್ಯಾಲಯದ ಕೆಳಗಿದ್ದವು. 2009ರಲ್ಲಿ ಹುಬ್ಬಳ್ಳಿಯದ್ದು ಶುರುವಾದ ಮೇಲೆ ಅಲ್ಲಿಗೆ ಹೋದವು. ಹಾಗಾಗಿ ಉಡುಪಿಯೋ ಮಂಗಳೂರೋ ಎನ್ನುವುದು ಬಸ್ಸು, ಹಾಸ್ಟೆಲು, ಪಾಠ ಮಾಡುವವರ ಪ್ರಶ್ನೆ. ಯೂನಿವರ್ಸಿಟಿಯ ಪ್ರಶ್ನೆ ಅಲ್ಲವೇ ಅಲ್ಲ.

ಇನ್ನೊಂದು ಕಡೆ ಇರುವುದು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳು. ಮೊದಲನೆಯದು ನಮ್ಮ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯೇ, 1988ರಲ್ಲಿ ಅದರ ಮೊದಲ ಬ್ಯಾಚ್ ಸೇರಿತು. ಈಗ ದೇಶದಲ್ಲಿ ಇಪ್ಪತ್ತಕ್ಕೂ ಜಾಸ್ತಿ ಇವೆ. ಹೆಚ್ಚಿನವುಗಳಿಗೆ ಸೇರಲು ಕ್ಲಾಟ್ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು: 120 ಪ್ರಶ್ನೆ, ಎರಡು ಗಂಟೆ, ಪೂರ್ತಿ ಇಂಗ್ಲಿಷ್. ಹುಬ್ಬಳ್ಳಿ ವಿಶ್ವವಿದ್ಯಾಲಯದ ಕೋರ್ಸಿನ ಪರೀಕ್ಷೆಗಳನ್ನಾದರೆ ಕನ್ನಡದಲ್ಲೂ ಬರೆಯಬಹುದು. ಕನ್ನಡ ಮೀಡಿಯಮ್ಮಿನಲ್ಲಿ ಓದಿದ ಮಕ್ಕಳಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಹೆಸರಿಗೆ ಬೆಲೆ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ವಕೀಲಿಕೆಯ ಸನ್ನದು ಸಿಕ್ಕಿದ ಹೊಸತರಲ್ಲಿ ನಾನು ಫೈಲು ಹಿಡಿದುಕೊಂಡು ಬೆಂಗಳೂರಿಗೆ ಹೋಗಿದ್ದೆ. ದೊಡ್ಡ ಲಾ ಫರ್ಮ್ ಒಂದರಲ್ಲಿ ಇಂಟರ್‌ವ್ಯೂ. ಎದುರಿಗೆ ಕೂತವರು ನನ್ನ ಬಯೋಡೇಟಾದ ಮೊದಲ ಹಾಳೆ ನೋಡಿ, "ಈ ಕಾಲೇಜು ಎಲ್ಲಿದೆ?" ಎಂದು ಕೇಳಿದರು. ಹೇಳಿದೆ. "ಫೋನ್ ಮಾಡ್ತೇವೆ" ಅಂದರು. ಮಾಡಲಿಲ್ಲ. ವಾಪಸ್ ಬರುವ ರಾತ್ರಿ ಬಸ್ಸಿನಲ್ಲಿ ಶಿರಾಡಿ ಘಾಟಿ ಇಳಿಯುವವರೆಗೆ ನನಗೆ ನಿದ್ದೆ ಬರಲಿಲ್ಲ.

ಈಗ ಯೋಚಿಸಿದರೆ ಅವರ ಕಷ್ಟವೂ ಅರ್ಥವಾಗುತ್ತದೆ. ಐದು ಕೆಲಸಕ್ಕೆ ಇನ್ನೂರು ಅರ್ಜಿ ಬಂದರೆ ಎಲ್ಲರನ್ನೂ ಕೂರಿಸಿ ಪರೀಕ್ಷೆ ಮಾಡಲು ಆಗುವುದಿಲ್ಲ. ಕಾಲೇಜಿನ ಹೆಸರು ಅವರಿಗೊಂದು ಜರಡಿ. ಆ ದಿನ ನನ್ನ ಪಕ್ಕದಲ್ಲಿ ಕೂತಿದ್ದ ಹುಡುಗ ರಾಷ್ಟ್ರೀಯ ಕಾನೂನು ಶಾಲೆಯವನು. ಮೂರು ವರ್ಷದಲ್ಲಿ ಆರು ಕಡೆ ಇಂಟರ್ನ್‌ಶಿಪ್ ಮಾಡಿದ್ದ, ಕಂಪನಿ ಒಪ್ಪಂದ ಬರೆದು ಅಭ್ಯಾಸ ಇತ್ತು. ನನಗೆ ಸೆಕ್ಷನ್‌ಗಳು ಬಾಯಿಪಾಠ ಇದ್ದವು, ಅಷ್ಟೇ. ಅವನನ್ನು ತೆಗೆದುಕೊಂಡದ್ದರಲ್ಲಿ ತಪ್ಪಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಹೆಸರುವಾಸಿ ಕಡೆ ಫೀಸು, ಹಾಸ್ಟೆಲ್ ಎಲ್ಲ ಸೇರಿದರೆ ಐದು ವರ್ಷಕ್ಕೆ ಹದಿನೈದು ಲಕ್ಷ ಸಾಲ ಆಗುವುದು ದೊಡ್ಡ ಮಾತಲ್ಲ. ಶೇ. 10 ಬಡ್ಡಿ, ಹತ್ತು ವರ್ಷದ ಅವಧಿ ಎಂದಿಟ್ಟುಕೊಳ್ಳಿ. ತಿಂಗಳ ಕಂತು ಸುಮಾರು 19,800 ರೂಪಾಯಿ. ಓದುವ ಸಮಯದ ಬಡ್ಡಿ ಅಸಲಿಗೆ ಸೇರಿದರೆ ಇನ್ನೂ ಜಾಸ್ತಿ. ಇನ್ನೊಂದು ಕಡೆ, ಜೂನಿಯರ್ ವಕೀಲರಿಗೆ ತಿಂಗಳಿಗೆ ನಗರದಲ್ಲಿ 20,000, ಹಳ್ಳಿ ಕಡೆ 15,000 ರೂಪಾಯಿಯಾದರೂ ಕೊಡಿ ಎಂದು ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರಿನಲ್ಲಿ ಸೀನಿಯರ್‌ಗಳಿಗೆ ಸಲಹೆ ಮಾಡಿತು. ಬರೀ ಸಲಹೆ, ಕಡ್ಡಾಯ ಅಲ್ಲ. ನಮ್ಮ ಕಡೆ ಎಷ್ಟು ಆಫೀಸುಗಳಲ್ಲಿ ಅಷ್ಟು ಸಿಗುತ್ತದೆ ಎಂದು ನನ್ನನ್ನು ಕೇಳಬೇಡಿ, ಸಹೋದ್ಯೋಗಿಗಳು ಮಾತು ಬಿಟ್ಟಾರು. ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಪೂರ್ತಿ ಸಂಬಳ ಬ್ಯಾಂಕಿಗೆ ಹೋಯಿತು. ಬಸ್ಸಿಗೆ, ಊಟಕ್ಕೆ, ಹಾಕುವ ಕಪ್ಪು ಕೋಟಿಗೆ ಮನೆಯವರೇ ಕೊಡಬೇಕು.

ಹೀಗಾಗಿ ಸಾಲ ಮಾಡಿ ದೊಡ್ಡ ಕಡೆ ಓದಿದ ಮಕ್ಕಳು ಕಂಪನಿ, ಲಾ ಫರ್ಮ್ ಕಡೆಗೇ ಹೋಗಬೇಕಾಗುತ್ತದೆ. ಅದು ಇಷ್ಟವಿದ್ದವರಿಗೆ ಸರಿ. ಕೋರ್ಟಿನಲ್ಲಿ ನಿಂತು ವಾದ ಮಾಡಬೇಕೆಂಬ ಆಸೆ ಇದ್ದವರು ಮಾತ್ರ ಕಂತು ತೀರುವವರೆಗೆ ಕಾಯಬೇಕು. ಅಷ್ಟರಲ್ಲಿ ಮದುವೆ, ಮನೆ ಬಾಡಿಗೆ, ಇನ್ನೊಂದು ಸಾಲ. ಕೋರ್ಟಿಗೆ ತಿರುಗಿ ಬಂದವರು ನನಗೆ ಗೊತ್ತಿರುವ ಮಟ್ಟಿಗೆ ಇಬ್ಬರೇ.

ಜಡ್ಜ್ ಆಗುವ ಕನಸಿಗೂ ಈಗ ಇದೇ ಲೆಕ್ಕ. ಸಿವಿಲ್ ಜಡ್ಜ್ ಪರೀಕ್ಷೆ ಬರೆಯಲು ಕನಿಷ್ಠ ಮೂರು ವರ್ಷ ವಕೀಲಿಕೆ ಮಾಡಿರಬೇಕು ಎಂದು ಸುಪ್ರೀಂ ಕೋರ್ಟ್ 2025ರ ಮೇ 20ರಂದು ತೀರ್ಪು ಕೊಟ್ಟಿತು. ಎಲ್ಲಿ ಓದಿದರೂ ಆ ಮೂರು ವರ್ಷ ಕೈಯಲ್ಲಿ ಕಾಸಿಲ್ಲದೆ ಕಳೆಯಬೇಕು. ನಮ್ಮ ರಾಜ್ಯದ ಆ ಪರೀಕ್ಷೆಯಲ್ಲಿ ಸಾಕ್ಷಿ ಹೇಳಿಕೆ, ತೀರ್ಪು, ದಾಖಲೆಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷಿಗೆ ಮಾಡುವ ಒಂದು ಪತ್ರಿಕೆಯೇ ಇದೆ. ಒಳ್ಳೊಳ್ಳೆಯ ಕಡೆ ಓದಿ ಬಂದವರು ಅದರಲ್ಲಿ ಒದ್ದಾಡುವುದನ್ನು ನೋಡಿದ್ದೇನೆ.

ಒಂದೇ ಸಮಾಧಾನದ ಸುದ್ದಿ: ಸನ್ನದು ಮಾಡಿಸಲು ರಾಜ್ಯಗಳ ವಕೀಲರ ಪರಿಷತ್ತುಗಳು ಸಾವಿರಾರು ರೂಪಾಯಿ ಕೀಳುತ್ತಿದ್ದವು. ಸಾಮಾನ್ಯ ವರ್ಗಕ್ಕೆ 750, ಪರಿಶಿಷ್ಟರಿಗೆ 125 ರೂಪಾಯಿಗಿಂತ ಜಾಸ್ತಿ ಕೇಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಜುಲೈಯಲ್ಲಿ ಹೇಳಿದೆ.

ಮತ್ತೆ, ನಮ್ಮ ಕರಾವಳಿಯ ಕೋರ್ಟುಗಳಲ್ಲಿ ಹೆಸರು ಎಷ್ಟು ಕೆಲಸ ಮಾಡುತ್ತದೆ? ಮೂರು ವರ್ಷದ ಹಿಂದೆ ನನ್ನ ಆಫೀಸಿಗೆ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದ ಹುಡುಗನೊಬ್ಬ ಜೂನಿಯರ್ ಆಗಿ ಬಂದ. ಅಪ್ಪ ಬ್ಯಾಂಕಿನಲ್ಲಿದ್ದವರು, ಸಾಲ ಇರಲಿಲ್ಲ, ಅದಕ್ಕೇ ಬರಲು ಸಾಧ್ಯವಾಯಿತು. ಮೊದಲ ವಾರ ಒಂದು ಜಾಗದ ಫೈಲು ಕೊಟ್ಟೆ. ಕುಮ್ಕಿ ಅಂದರೆ ಏನು ಅಂತ ಕೇಳಿದ. ವರ್ಗ ಜಾಗದ, ಅಂದರೆ ಕಂದಾಯ ಕಟ್ಟುವ ಸ್ವಂತ ಜಾಗದ, ಅಂಚಿನಿಂದ 100 ಗಜದೊಳಗಿನ ಸರಕಾರಿ ಜಾಗದ ಮೇಲೆ ವರ್ಗದಾರನಿಗೆ ಇರುವ ಸವಲತ್ತು ಎಂದು ಹೇಳಿದೆ. ಮೂಲಗೇಣಿ, ಅಂದರೆ ಶಾಶ್ವತ ಗೇಣಿ, ಗೊತ್ತಿರಲಿಲ್ಲ. ಹೆಣ್ಣಿನ ಕಡೆಯಿಂದ ಆಸ್ತಿ ಹೋಗುವ ಅಳಿಯಸಂತಾನ ಕುಟುಂಬದ ಪಾಲಿನ ಬಗ್ಗೆ ಪುಸ್ತಕದಲ್ಲಿ ಅರ್ಧ ಪುಟ ಓದಿದ್ದ. 'ಡಿಕ್ಲರೇಷನ್ ಜಾಗ' ಅಂದರೆ 1974ರ ಭೂಸುಧಾರಣೆ ತಿದ್ದುಪಡಿಯ ನಂತರ ಗೇಣಿದಾರ ಅರ್ಜಿ ಹಾಕಿ ಪಡೆದದ್ದು ಎಂದು ಅವನಿಗೆ ತಿಳಿದದ್ದು ನಮ್ಮ ಗುಮಾಸ್ತರಿಂದ. 1956ರವರೆಗೆ ಈ ಜಿಲ್ಲೆ ಮದ್ರಾಸಿಗೆ ಸೇರಿತ್ತಲ್ವಾ, ಹಳೆಯ ದಾಖಲೆಗಳ ಭಾಷೆ, ಲೆಕ್ಕ ಎಲ್ಲ ಬೇರೆ. ಇದನ್ನು ಯಾವ ಯೂನಿವರ್ಸಿಟಿಯೂ ಕಲಿಸುವುದಿಲ್ಲ. ಊರಿನ ಕಾಲೇಜಿನ ಮಕ್ಕಳಿಗೂ ಗೊತ್ತಿರುವುದಿಲ್ಲ ಅನ್ನಿ. ಆದರೆ ಅವರ ಅಜ್ಜಿಗೆ ಗೊತ್ತಿರುತ್ತದೆ!

ಆರು ತಿಂಗಳಾದ ಮೇಲೆ ಅದೇ ಹುಡುಗ ಒಂದು ಮೇಲ್ಮನವಿ ಬರೆದ. ಹನ್ನೊಂದು ಪುಟ. ನಾನು ತಿದ್ದಲು ಕೂತರೆ ಎರಡು ಶಬ್ದ ಬಿಟ್ಟು ಬೇರೇನೂ ಸಿಗಲಿಲ್ಲ. ಹುಡುಕುವುದು, ಜೋಡಿಸುವುದು, ಬರೆಯುವುದು, ಇದನ್ನು ಅವನಿಗೆ ಐದು ವರ್ಷ ಬಿಡದೆ ಮಾಡಿಸಿದ್ದರು. ನಮ್ಮ ಕಡೆಯ ಮಕ್ಕಳಲ್ಲಿ ನಾನು ಕಾಣುವ ಕೊರತೆ ಇದೇ. ಕಾರಣವೂ ಗೊತ್ತಿದೆ. ಮೂರು ವರ್ಷದ ಕೋರ್ಸಿನವರು 12 ವಾರ, ಐದು ವರ್ಷದವರು 20 ವಾರ ಇಂಟರ್ನ್‌ಶಿಪ್ ಮಾಡಲೇಬೇಕೆಂದು ಪರಿಷತ್ತಿನ ನಿಯಮ ಇದೆ. ನಮ್ಮಲ್ಲಿ ಬಹಳ ಮಂದಿ ಪರಿಚಯದ ವಕೀಲರಿಂದ ಸೀಲು ಹಾಕಿಸಿಕೊಂಡು ಡೈರಿ ತುಂಬಿಸುತ್ತಾರೆ. ನಾನೂ ಒಂದೆರಡು ಸಲ ಸೀಲು ಹಾಕಿದ್ದೇನೆ, ಈಗ ಹಾಕುವುದಿಲ್ಲ. ಕಾಲೇಜಿನ ಹೆಸರಿನ ಕೊರತೆ ತುಂಬಿಸಿಕೊಳ್ಳಲು ಊರಿನ ಮಕ್ಕಳಿಗೆ ಇರುವ ದಾರಿ ಆ 20 ವಾರ. ಅದರಲ್ಲಿ ಎಂಟು ವಾರವಾದರೂ ಬೆಂಗಳೂರಿನ ಹೈಕೋರ್ಟ್ ವಕೀಲರ ಆಫೀಸೊಂದರಲ್ಲಿ ಕಳೆದವರ ಬರವಣಿಗೆಯೇ ಬೇರೆ ಇರುತ್ತದೆ.

ಊರಿನ ಕಾಲೇಜಿನ ಪರವಾಗಿ ವಾದಿಸುವವರು ನ್ಯಾಯಮೂರ್ತಿ ಎಸ್. ಅಬ್ದುಲ್ ನಜೀರ್ ಅವರ ಹೆಸರು ಹೇಳುತ್ತಾರೆ. ಮೂಡುಬಿದಿರೆ ಹತ್ತಿರದ ಬೆಳುವಾಯಿಯವರು, ಕಾನೂನು ಓದಿದ್ದು ಮಂಗಳೂರಿನ ಎಸ್‌ಡಿಎಂನಲ್ಲಿ, 1983ರಲ್ಲಿ ವಕೀಲರಾದರು, 2017ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ನಮಗೆಲ್ಲ ಹೆಮ್ಮೆಯೇ. ಆದರೆ ಅವರು ಸನ್ನದು ಪಡೆಯುವಾಗ ರಾಷ್ಟ್ರೀಯ ಕಾನೂನು ಶಾಲೆ ಎಂಬುದೇ ಇರಲಿಲ್ಲ. ಇವತ್ತಿನ ಹುಡುಗರಿಗೆ ಆ ಉದಾಹರಣೆಯೊಂದನ್ನೇ ಹೇಳಿ ಧೈರ್ಯ ತುಂಬುವುದು ಸರಿಯಲ್ಲ.

ಮೋಸ ಹೋಗುವ ಸಾಧ್ಯತೆ ಜಾಸ್ತಿ ಇರುವುದು ಈ ಎರಡರ ನಡುವಿನ ಕಾಲೇಜುಗಳಲ್ಲಿ. ಹೆಸರು ಇನ್ನೂ ಬಂದಿಲ್ಲ, ಫೀಸು ಮಾತ್ರ ಹೆಸರು ಬಂದವರಷ್ಟೇ. ಬ್ರೋಶರ್‌ನಲ್ಲಿ ಅತಿ ದೊಡ್ಡ ಪ್ಯಾಕೇಜ್ ಪಡೆದ ಒಬ್ಬಳ ಫೋಟೋ ಇರುತ್ತದೆ. ಬ್ಯಾಚಿನಲ್ಲಿ ಎಷ್ಟು ಜನ ಇದ್ದರು, ಕ್ಯಾಂಪಸ್ಸಿನಲ್ಲೇ ಎಷ್ಟು ಜನರಿಗೆ ಕೆಲಸ ಆಯ್ತು, ಸಾಲಿನ ನಡುವೆ ನಿಂತವನ ಸಂಬಳ ಎಷ್ಟು ಎಂದು ಕೇಳಿ. ಆಫೀಸಿನಲ್ಲಿ ಕೇಳಬೇಡಿ, ಕ್ಯಾಂಟೀನಿನಲ್ಲಿ ಕೊನೆಯ ವರ್ಷದವರನ್ನು ಕೇಳಿ. ಪರಿಷತ್ತಿನ ಮಾನ್ಯತೆ ಈ ವರ್ಷಕ್ಕೂ ಇದೆಯಾ ಎಂದು ನೋಡಿ. ಅಂಚೆ ಮೂಲಕ ಎಲ್‌ಎಲ್‌ಬಿ ಎಂದು ಯಾರಾದರೂ ಹೇಳಿದರೆ ಎದ್ದು ಬನ್ನಿ, ಅದರಲ್ಲಿ ಸನ್ನದು ಸಿಗುವುದಿಲ್ಲ.

ಹೆಬ್ರಿಯ ಅಪ್ಪನಿಗೆ ನಾನು ಹೇಳಿದ್ದು ಹೀಗೆ: ಮಗಳು ಕ್ಲಾಟ್ ಬರೆಯಲಿ. ಹಳೆಯ, ಒಳ್ಳೆಯ ನಾಲ್ಕೈದರಲ್ಲಿ ಸಿಕ್ಕಿದರೆ ತೋಟದ ಆದಾಯದಲ್ಲಿ ಎಷ್ಟಾಗುತ್ತದೋ ನೋಡಿ, ಉಳಿದದ್ದಕ್ಕೆ ಮಾತ್ರ ಸಾಲ ಮಾಡಿ. ಸಿಗದಿದ್ದರೆ ಕುಂಜಿಬೆಟ್ಟೋ ಕೊಡಿಯಾಲಬೈಲೋ ಸಾಕು. ಉಳಿದ ದುಡ್ಡು ಬ್ಯಾಂಕಿನಲ್ಲಿಡಿ, ಅವಳ ಪ್ರಾಕ್ಟೀಸಿನ ಮೊದಲ ಮೂರು ವರ್ಷಕ್ಕೆ. ಅವರು ತಲೆಯಾಡಿಸಿದರು, ಪೂರ್ತಿ ಒಪ್ಪಿದ ಹಾಗೆ ಕಾಣಲಿಲ್ಲ.

ಹುಡುಗಿ ಡಿಸೆಂಬರಿನ ಪರೀಕ್ಷೆಗೆ ಓದುತ್ತಿದ್ದಾಳೆ. ಅವರ ಅಜ್ಜನ ಮನೆಯಲ್ಲಿ ಹಳೆಯ ಮೂಲಗೇಣಿ ಚೀಟು ಇದೆಯಂತೆ, ಮಡಚಿ ಮಡಚಿ ತುಂಡಾಗಿದೆಯಂತೆ. ಅದನ್ನು ಬಿಡಿಸಿ ಓದಿ, ಅರ್ಥವಾಗದ ಶಬ್ದಗಳನ್ನು ಬರೆದುಕೊಂಡು ಬರಲು ಹೇಳಿದ್ದೇನೆ.